ಮಾವನವರ ಬಲಪಕ್ಕೆ

ಔರಾದಿನಿಂದ ಭಾಲ್ಕಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿದ್ದರೂ ನಾನು ಮಾವನವರ ಎದುರು ಒಂದು ಮಾತೂ ಆಡಿರಲಿಲ್ಲ. ಆಗಿನ ರಿವಾಜೇ ಹಾಗಿತ್ತು. ಅವರು ಅಂಗಡಿಯಿಂದ ಬಂದರೆಂದರೆ ನಾನು ಸೆರಗು ಮುಂದಕ್ಕೆಳೆದುಕೊಂಡು ಅಡುಗೆಮನೆ ಸೇರಬೇಕು. ನನ್ನಿಂದ ಏನಾದರೂ ಬೇಕಿದ್ದರೆ ಅವರು ಗೋಡೆಗೆ ಹೇಳುತ್ತಿದ್ದರು: "ಒಂದ್ ಲೋಟ ಮಜ್ಜಿಗಿ ಸಿಕ್ಕರ ಚಲೋ ಇರ್ತದ." ಗೋಡೆಯ ಮರೆಯಿಂದ ಮಜ್ಜಿಗೆ ಹೋಗುತ್ತಿತ್ತು.

ಮಾವನವರದು ತೊಗರಿ, ಕಡಲೆ, ಕುಸುಬೆಯ ವ್ಯಾಪಾರ. ದೊಡ್ಡ ದನಿ, ದಪ್ಪ ಮೀಸೆ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಕೂತಲ್ಲಿ ಕೂರುವ ಜೀವವಲ್ಲ. ಅಂಥವರು ಪೊಲೀಸ್ ಆ್ಯಕ್ಷನ್ ಆದ ವರ್ಷದ ಚಳಿಗಾಲದಲ್ಲಿ ಮೆತ್ತಗಾಗತೊಡಗಿದರು. ಸಂಜೆಯಾದರೆ ಜ್ವರ, ಬೆಳಗಿನ ಜಾವ ಅಂಗಿ ತೊಯ್ಯುವಷ್ಟು ಬೆವರು. ಊಟ ಅರ್ಧಕ್ಕರ್ಧ ಕಡಿಮೆಯಾಯಿತು. ಬಲ ಹೆಗಲು ನೋಯುತ್ತದೆಂದು ಎಣ್ಣೆ ತಿಕ್ಕಿಸಿಕೊಂಡರು. ಚೀಲ ಎತ್ತಿದ್ದಕ್ಕೆ ಹಿಡಿದಿದೆ ಎಂಬುದು ಅವರ ತೀರ್ಮಾನ. ಚೀಲ ಎತ್ತುವುದು ಬಿಟ್ಟು ಹತ್ತು ವರ್ಷವಾಗಿದೆ ಎಂದು ಅತ್ತೆ ನೆನಪಿಸಿದ್ದು ಅವರಿಗೆ ಹಿಡಿಸಲಿಲ್ಲ.

ಚಳಿಜ್ವರವೆಂದು ಸರ್ಕಾರಿ ದವಾಖಾನೆಯವರು ಕ್ವಿನೈನ್ ಕೊಟ್ಟರು. ಕಿವಿ ಗುಂಯ್ ಎಂದಿತು, ಜ್ವರ ಹೋಗಲಿಲ್ಲ. ಪಕ್ಕೆಯ ಕೆಳಗೆ ನೋವು ಶುರುವಾದ ಮೇಲೆ ಊರಿನ ವೈದ್ಯರು ಕಾಮಣಿ, ಅಂದರೆ ಕಾಮಾಲೆ, ಎಂದರು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದೆವು, ಉಪ್ಪು ಬಿಡಿಸಿದೆವು. ಹದಿನೈದು ದಿನವಾದರೂ ಕಣ್ಣು ಹಳದಿಯಾಗಲೂ ಇಲ್ಲ, ನೋವು ಇಳಿಯಲೂ ಇಲ್ಲ.

ಕಾಮಣಿ ಎಂಬ ಮಾತು ಬಿದ್ದಿದ್ದೇ ತಡ, ಓಣಿಯವರಿಗೆ ಕಾರಣ ಸಿಕ್ಕಿತು. "ಸಾವ್ಕಾರ ಕದ್ದು ಶಿಂದಿ ಕುಡೀತಾನಂತ" ಎಂದು ನೀರಿಗೆ ಹೋದಲ್ಲಿ ಗುಸುಗುಸು. ಅತ್ತೆ ಅದನ್ನು ಕೇಳಿ ಬಂದು ಓಣಿಯವರನ್ನೆಲ್ಲ ಬೈದರು. ಬೈದು ಮುಗಿದ ಮೇಲೆ ಮಾವನವರು ಮಲಗಿದ್ದಾಗ ಮೆಲ್ಲಗೆ ಬಾಯಿ ಮೂಸಿ ನೋಡಿದರು. ಮರುದಿನ ಕುಸುಬೆ ಚೀಲಗಳ ಸಂದಿಯನ್ನೆಲ್ಲ ತಡಕಾಡಿದರು. ಒಂದು ಕಪ್ಪು ಸೀಸೆ ಸಿಕ್ಕಿಯೇ ಬಿಟ್ಟಿತು! ಬಿರಡೆ ತೆಗೆದರೆ ಖಿಜಾಬು, ಮೀಸೆಗೆ ಹಚ್ಚುವ ಕರಿಬಣ್ಣ. ಅತ್ತೆ ನಕ್ಕರು, ಆಮೇಲೆ ಕಂಬಕ್ಕೊರಗಿ ಅತ್ತರು. "ಕುಡೀತಿದ್ರ ಬಿಡಿಸಬಹುದಿತ್ತು ನೋಡವ್ವ. ಇದು ಏನಂತ ಬಿಡಿಸಲಿ?" ಎಂದರು.

ಅವತ್ತೇ ಬೀದರಿಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು. ಅಂಗಡಿ ನೋಡಿಕೊಳ್ಳಲು ನನ್ನ ಯಜಮಾನರು ಉಳಿದರು. ಅತ್ತೆಗೆ ಮೊಳಕಾಲು ನೋವು, ಒಬ್ಬರೇ ಓಡಾಡಲಾರರು, ಹಾಗಾಗಿ ನಾನೂ ಹೊರಟೆ. ರೈಲಿನಲ್ಲಿ ಮಾವನವರು ಬಲಪಕ್ಕೆ ಹಿಡಿದುಕೊಂಡು ಒಂದೇ ಕಡೆಗೆ ವಾಲಿ ಕೂತಿದ್ದರು. ಗಾಡಿ ಕುಲುಕಿದಾಗಲೆಲ್ಲ ರೈಲ್ವೆಯವರಿಗೆ ಒಂದು ಬೈಗುಳ.

ಬೀದರಿನಲ್ಲಿ ಅವರು ಮೊದಲು ಹೋಗಿದ್ದು ಹಳೆಯ ದೋಸ್ತರಾದ ಹಕೀಮರ ಮನೆಗೆ. ಹಕೀಮರ ಗಲ್ಲಿಯಲ್ಲಿ ಅರ್ಧ ಬಾಗಿಲುಗಳಿಗೆ ಬೀಗವಿತ್ತು. ಆ ವರ್ಷ ಮಳೆಗಾಲದಲ್ಲಿ ನಾವು ಹೆದರಿ ಮನೆ ಬಿಟ್ಟಿದ್ದ ಹಾಗೆ, ಪೊಲೀಸ್ ಆ್ಯಕ್ಷನ್ ಆದ ಮೇಲೆ ಈ ಗಲ್ಲಿಯವರು ಬಿಟ್ಟಿದ್ದರು. ಇಬ್ಬರು ಗೆಳೆಯರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆಮೇಲೆ ಹಕೀಮರು ನಾಡಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಪಕ್ಕೆಯ ಮೇಲೆ ಎರಡು ಬೆರಳಿಂದ ಮೆಲ್ಲಗೆ ಬಡಿದರು. ಮಾವನವರು ಹೌಹಾರಿದರು.

"ಇದು ಯರ್ಖಾನ್ ಅಲ್ಲ ಸಾವ್ಕಾರ್," ಎಂದರು ಹಕೀಮರು. ಕಾಮಣಿಗೆ ಅವರು ಹೇಳುವ ಹೆಸರು ಅದು, ಲಿವರ್‌ಗೆ ಜಿಗರ್ ಅನ್ನುತ್ತಿದ್ದರು. "ಕಣ್ಣು ಬೆಳ್ಳಗ ಅವ. ಜಿಗರ್ ಊದ್ಯದ, ಒಳಗ ಏನೋ ಜಮಾ ಆಗ್ಯದ. ನನ್ನ ದವಾದಿಂದ ಕರಗೋದಲ್ಲ ಇದು. ಮಿಶನ್ ದವಾಖಾನಿಗಿ ಹೋಗ್ರಿ. ನಾಳಿ ಅನಬ್ಯಾಡ್ರಿ, ಈಗ್ಲೇ ಹೋಗ್ರಿ." ತಾವೇ ಟಾಂಗಾ ಕರೆಸಿದರು.

ಮಿಶನ್ ದವಾಖಾನೆಯ ಡಾಕ್ಟರು ಸಣ್ಣ ದನಿಯ, ಅವಸರವಿಲ್ಲದ ಮನುಷ್ಯ. ಜೊತೆಗೆ ಕಮಠಾಣದ ಕ್ರಿಸ್ತಿ ಮನೆತನದ ಒಬ್ಬ ನರ್ಸಮ್ಮ, ಆಕೆಯ ದನಿ ಮಾವನವರಿಗಿಂತ ದೊಡ್ಡದು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಕಿಡಿ ಹಚ್ಚಿತು.

"ಕುಡಿಯೋ ರೂಢಿ ಏನರ ಅದೇನ್ರಿ?"

ಮಾವನವರು ಕರಡಿಗೆ ಹಿಡಿದು ಎದ್ದು ಕೂತರು. "ಇದನ್ನ ಮುಟ್ಟಿ ಹೇಳ್ತೇನ್ರಿ. ನನ್ನ ಅಪ್ಪ ಕುಡದಿಲ್ಲ, ನಾ ಕುಡದಿಲ್ಲ, ನನ್ನ ಎತ್ತೂ ಕುಡದಿಲ್ಲ!"

ಡಾಕ್ಟರು ನಗಲಿಲ್ಲ. "ಎಲ್ಲರಿಗೂ ಕೇಳ್ತೇವ್ರಿ. ಕುಡದ್ರೂ ಲಿವರ್ ಕೆಡ್ತದ, ಆದ್ರ ಅದು ವರ್ಷಗಟ್ಟಲೆ ಮೆಲ್ಲಕ ಒಣಗಿ ಗಟ್ಟಿ ಆಗ್ತದ, ಹೊಟ್ಟಿ ಒಳಗ ನೀರು ತುಂಬ್ತದ. ನಿಮ್ಮದು ಹಂಗ ಕಾಣಲ್ದು." ಪಕ್ಕೆಲುಬಿನ ಒಂದೊಂದು ಸಂದಿಯಲ್ಲೂ ಬೆರಳು ಒತ್ತುತ್ತ ಹೋದರು. ಒಂದು ಸಂದಿಗೆ ಬಂದಾಗ ಮಾವನವರು ಹಲ್ಲು ಕಚ್ಚಿದರು. ಅಲ್ಲಿ ಶಾಯಿಯಿಂದ ಒಂದು ಗುರುತು ಹಾಕಿದರು. "ಹೆಗಲ ನೋವೂ ಇಲ್ಲಿಂದೇ ಬಂದದ. ಲಿವರ್ ಊದಿ ಮ್ಯಾಲಿನ ಪರದಿಗಿ ಒತ್ತಿದ್ರ ಹೆಗಲಿಗಿ ನೋವು ಹತ್ತತದ. ಈಗ ಒಂದು ಮಾತು ಹೇಳ್ರಿ. ಆರು ತಿಂಗಳ ಒಳಗ ಹೊಟ್ಟಿ ಜಾಡಿಸಿತ್ತೇನು? ಆಮಶಂಕಿ? ರಕ್ತ ಬಿದ್ದಿತ್ತೇನು?"

"ಇಲ್ಲ," ಎಂದರು ಮಾವನವರು, ಥಟ್ಟನೆ.

ನಾನು ಬಾಗಿಲ ಬಳಿ ನಿಂತಿದ್ದೆ. ನನಗೆ ಸೊಲ್ಲಾಪುರದ ಕಡೆಯ ಬಿಡಾರ ನೆನಪಾಯಿತು. ರಜಾಕಾರರ ಗದ್ದಲಕ್ಕೆ ಅಂಜಿ ಮನೆಗೆ ಬೀಗ ಹಾಕಿ, ಗಡಿ ದಾಟಿ, ನೂರಾರು ಜನರ ಜೊತೆ ತಗಡಿನ ಸೂರಿನಡಿ ಇದ್ದ ಆ ಮಳೆಗಾಲ. ಕುಡಿಯುವುದಕ್ಕೂ ತೊಳೆಯುವುದಕ್ಕೂ ಒಂದೇ ಹಳ್ಳ. ಅಲ್ಲಿ ಮಾವನವರಿಗೆ ಹನ್ನೆರಡು ದಿನ ಹೊಟ್ಟೆ ನಿಲ್ಲಲಿಲ್ಲ. ಅತ್ತೆ ಜ್ವರದಲ್ಲಿ ಮಲಗಿದ್ದರಿಂದ ಧೋತರ ಒಗೆದವಳು ನಾನು. ಆ ಕಲೆ ಕಂಡವಳು ನಾನೊಬ್ಬಳೇ. ಅತ್ತೆಗೂ ಗೊತ್ತಿರಲಿಲ್ಲ.

ಅತ್ತೆಯ ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಡಾಕ್ಟರು ಆಗಲೇ ಕಾಗದದ ಮೇಲೆ ಏನೋ ಬರೆಯಲು ಶುರುಮಾಡಿದ್ದರು. ಬಾಯಿ ತಾನಾಗಿ ತೆರೆಯಿತು.

"ರಗತ ಬಿದ್ದಿತ್ತರಿ. ಹನ್ನೆರಡು ದಿನ. ಬಿಡಾರದಾಗ."

ಮಾವನವರು ನನ್ನ ಕಡೆ ತಿರುಗಿದರು. ಮೂರು ವರ್ಷದಲ್ಲಿ ಅವರು ನನ್ನ ದನಿ ಕೇಳಿದ್ದು ಅದೇ ಮೊದಲು, ಅದೂ ಇಂಥ ವಿಷಯಕ್ಕೆ. ನಾಚಿಕೆಯಿಂದ ನನ್ನ ಕಿವಿ ಕಾದು ಹೋದವು. ಅತ್ತೆ ಬಾಯಿಗೆ ಸೆರಗು ಹಚ್ಚಿದರು. ಡಾಕ್ಟರು ಮಾತ್ರ ಬರೆದದ್ದನ್ನು ಹೊಡೆದು ಹಾಕಿ, "ಚಲೋ ಹೇಳ್ದಿ ತಂಗಿ," ಎಂದರು. ಆಮೇಲೆ ನಮಗೆಲ್ಲ ಅರ್ಥವಾಗುವಂತೆ ತಿಳಿಸಿದರು. ಹೊಲಸು ನೀರಿನಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತದೆ. ಅದು ಕರುಳಿಗೆ ಹೋಗಿ ಆಮಶಂಕೆ ತರುತ್ತದೆ. ಆಮಶಂಕೆ ನಿಂತಿತೆಂದು ನಾವು ಮರೆಯುತ್ತೇವೆ, ಆದರೆ ಅದು ರಕ್ತದ ಜೊತೆ ಲಿವರ್‌ಗೆ ಹೋಗಿ ಅಲ್ಲಿ ಹುಣ್ಣು ಮಾಡಿಕೊಂಡು ಕೂತಿರುತ್ತದೆ.

ಮರುದಿನ ಶಾಯಿಯ ಗುರುತಿನಲ್ಲಿ ಮರಗಟ್ಟುವ ಔಷಧಿ ಚುಚ್ಚಿ, ಉದ್ದ ಸೂಜಿ ಇಳಿಸಿದರು. ನನ್ನನ್ನು ಹೊರಗೆ ನಿಲ್ಲಿಸಿದ್ದರು. ನರ್ಸಮ್ಮ ಆಮೇಲೆ ಬಟ್ಟಲನ್ನು ತಂದು ತೋರಿಸಿದಳು. ಬೆಲ್ಲ ಹಾಕಿ ಕಿವುಚಿದ ಹುಣಸೆರಸದಂಥ ಮಂದ ದ್ರವ, ವಾಸನೆಯೇ ಇಲ್ಲ. "ನೋಡು, ಇದು ಇತ್ತಂತ ಗೊತ್ತಾಗಿದ್ದು ನಿನ್ನಿಂದ," ಎಂದಳು. ಅದಾದ ಮೇಲೆ ತಿಂಗಳುಗಟ್ಟಲೆ ನಾನು ಅಡುಗೆಗೆ ಹುಣಸೆಹುಳಿ ಹಾಕಲಿಲ್ಲ.

ಅಂದಿನಿಂದ ದಿನಕ್ಕೊಂದು ಎಮೆಟಿನ್ ಸೂಜಿ. ಹುಣ್ಣಿನೊಳಗಿನ ಜೀವವನ್ನು ಕೊಲ್ಲುವ ಮದ್ದು, ಆದರೆ ಎದೆಗೂ ಸ್ವಲ್ಪ ಪೆಟ್ಟು ಕೊಡುವಂಥದ್ದು. ಅದಕ್ಕೇ ಹತ್ತು ದಿನ ಹಾಸಿಗೆ ಬಿಟ್ಟು ಏಳಕೂಡದೆಂದು ಕಟ್ಟಪ್ಪಣೆಯಾಯಿತು. ಸೂಜಿಯನ್ನಾದರೂ ಮಾವನವರು ತಡೆದುಕೊಂಡರು, ಮಲಗಿರುವುದನ್ನು ತಡೆಯಲಾರದೆ ಹೋದರು. ಎರಡನೆಯ ದಿನವೇ ಪಕ್ಕದ ಕೋಣೆಯ ರೋಗಿಗೆ ತೊಗರಿ ಯಾವಾಗ ಮಾರಬೇಕೆಂದು ಹೇಳಲು ಎದ್ದು ಹೊರಟಿದ್ದರು. ನರ್ಸಮ್ಮ ಬಾಗಿಲಲ್ಲೇ ಹಿಡಿದಳು.

"ಸಾವ್ಕಾರ್ರೇ, ಎಲ್ಲಿಗಿ ಹೊಂಟೀರಿ?"

"ಇಲ್ಲೇ, ನಾಕು ಹೆಜ್ಜಿ."

"ಆ ನಾಕು ಹೆಜ್ಜಿದಾಗ ಎದಿ ನಿಂತ್ರ ನಿಮ್ಮ ಮನಿಯೋರಿಗಿ ಏನ್ ಹೇಳಲಿ ನಾ? ಮಲಕೋರಿ ಸುಮ್ಕ!"

ಭಾಲ್ಕಿಯ ಸಂತೆಯನ್ನೇ ಗದರಿಸುವ ಮನುಷ್ಯ ಚಾದರ ಎಳೆದುಕೊಂಡು ಮಲಗಿದರು.

ಆರನೆಯ ದಿನ ಸಂಜೆ ಜ್ವರ ಬರಲಿಲ್ಲ. ಏಳನೆಯ ದಿನವೂ ಬರಲಿಲ್ಲ. ಎಂಟನೆಯ ದಿನ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಮಾವನವರು ಗೋಡೆಯತ್ತ ನೋಡಲಿಲ್ಲ, ನೇರ ನನಗೇ ಹೇಳಿದರು: "ಯವ್ವಾ, ಹಸಿವಾಗ್ಯದ. ಜ್ವಾಳದ ರೊಟ್ಟಿ ಸಿಗತದೇನು?" ನಾನು ತಲೆಯಾಡಿಸಿ ಓಡಿದೆ. ಡಾಕ್ಟರು ಗಂಜಿಯನ್ನಷ್ಟೇ ಒಪ್ಪಿದರು. ಅದನ್ನು ತಂದು ಕೊಟ್ಟಾಗ, "ನೀ ಹೇಳಲಿಲ್ಲಂದ್ರ ನಾ ಹೋಗೇಬಿಡ್ತಿದ್ದೆ," ಎಂದು ಬಟ್ಟಲಿನೊಳಗೆ ನೋಡುತ್ತ ಹೇಳಿದರು.

ಊರಿಗೆ ಮರಳಿದ ಮೇಲೆ ಮನೆಯಲ್ಲಿ ನೀರು ಕಾಯಿಸಿ ಆರಿಸುವ ಕಾಯ್ದೆ ಬಂತು. ಕಾಯಿಸಿದ ನೀರಿಗೆ ರುಚಿಯಿಲ್ಲ ಎಂದು ಅತ್ತೆ ಗೊಣಗಿದರು. ಮಾವನವರು ಓಣಿಯಲ್ಲಿ ನಿಂತು ಹೋಗಿಬರುವವರಿಗೆಲ್ಲ ಅದನ್ನೇ ಬೋಧಿಸಿದರು. ಓಣಿಯವರು ಕೇಳಿಸಿಕೊಂಡು, ಆಚೆ ಹೋಗಿ, "ಶಿಂದಿ ಬಿಟ್ಟ, ಆರಾಮಾದ" ಎಂದರು.

ಮುಂದಿನ ಬೇಸಗೆಯಲ್ಲಿ, ಓಣಿಯವರ ಆ ಮಾತು ಕೇಳಿಯೇ, ಖಟಕ ಚಿಂಚೋಳಿಯ ಒಬ್ಬ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಳು. ಗಂಡನ ಹೊಟ್ಟೆ ಕೊಡದ ಹಾಗೆ ಉಬ್ಬಿದೆ, ಕಾಲು ಬಾತಿವೆ, ಕಣ್ಣು ಹಳದಿ. ಅವನು ನಿಜವಾಗಿಯೂ ವರ್ಷಗಳಿಂದ ಕುಡಿಯುವವನು. ನಾಚಿಕೆಪಟ್ಟು ಆಕೆ ಯಾರಿಗೂ ಹೇಳಿರಲಿಲ್ಲ. ಮಾವನವರು ತಾವೇ ಅವನನ್ನು ರೈಲು ಹತ್ತಿಸಿ ಬೀದರಿಗೆ ಕರೆದುಕೊಂಡು ಹೋದರು. ಡಾಕ್ಟರು ಹೊಟ್ಟೆಯ ನೀರು ತೆಗೆದರು, ಉಪ್ಪು ಬಿಡಿಸಿದರು, ಶಿಂದಿ ಬಿಟ್ಟರೆ ಮಾತ್ರ ನಾಲ್ಕು ದಿನ ಹೆಚ್ಚು ಎಂದು ಮುಚ್ಚಿಡದೆ ಹೇಳಿದರು. ಅವನು ಬಿಟ್ಟ. ಮೂರು ಸುಗ್ಗಿ ಕಂಡ. ಮೊದಲ ಸುಗ್ಗಿಯಲ್ಲಿ ಆಕೆ ಒಂದು ಪುಟ್ಟಿ ಹಸಿ ಕಡಲೆ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. ನಾನೂ ಆಕೆಯೂ ಸುಲಿದುಕೊಂಡು ತಿನ್ನುತ್ತ ಮಧ್ಯಾಹ್ನವೆಲ್ಲ ಅಲ್ಲೇ ಕೂತೆವು.