ಮೂಗಿನ ನೇರ

ನಮ್ಮ ಯಜಮಾನರು ಕನ್ನಡಿ ಕೂರಿಸುವವರು. ಬಚ್ಚಲುಮನೆಯ ಟೈಲ್ಸ್ ಗೋಡೆಗೆ ದೊಡ್ಡ ಕನ್ನಡಿ ಹಾಕಿಸಬೇಕಾದರೆ ಇವರೇ ಬರಬೇಕು. ಇವರು ಡ್ರಿಲ್ಲು ಹಿಡಿದರೆ ಟೈಲ್ಸಿಗೆ ಕೂದಲೆಳೆಯಷ್ಟೂ ಬಿರುಕು ಬೀಳುವುದಿಲ್ಲ. ಇದು ನಾನು ಹೇಳುವ ಮಾತಲ್ಲ, ಅವರೇ ಹೇಳುತ್ತಾರೆ, ದಿನಕ್ಕೆ ಮೂರು ಹೊತ್ತು, ಊಟದ ಜೊತೆಗೆ.

ಇನ್ನೊಂದು ಜಂಬ ಮೂಗಿನದು. "ಟೇಪು ಹಿಡಿಯೋರು ಕಲಿಯೋರು ಕಣೇ. ನಾನು ಆ ಮನೆ ಯಜಮಾನೀನ ಗೋಡೆ ಮುಂದೆ ನಿಲ್ಲಿಸ್ತೀನಿ, ಅವರ ಮೂಗಿನ ನೇರಕ್ಕೆ ಪೆನ್ಸಿಲ್ಲಲ್ಲಿ ಒಂದು ಗೆರೆ. ಕನ್ನಡಿ ನಟ್ಟನಡು ಅಲ್ಲಿಗೇ ಬರ್ಬೇಕು." ಊರ ಹೆಂಗಸರ ಮೂಗೆಲ್ಲ ಇವರಿಗೆ ಬಾಯಿಪಾಠ. ಮೂರನೇ ಬೀದಿಯ ಡಾಕ್ಟರಮ್ಮನ ಮೂಗು ನೆಲದಿಂದ ನಾಲ್ಕಡಿ ಹನ್ನೊಂದು ಇಂಚು ಅಂತ ನನಗೂ ಗೊತ್ತು. ಅಷ್ಟು ತಲೆ ತಿಂದಿದ್ದಾರೆ!

ನಮ್ಮ ಬಚ್ಚಲಲ್ಲಿ ಮಾತ್ರ ಅಂಗೈಯಗಲದ ಒಡಕು ಚೂರು. ಇಪ್ಪತ್ತೆರಡು ವರ್ಷ ಅದರಲ್ಲೇ ಒಮ್ಮೆ ಎಡಗೆನ್ನೆ, ಒಮ್ಮೆ ಬಲಗೆನ್ನೆ ನೋಡಿಕೊಂಡೆ. ನನ್ನ ಮನೇಲಿ ನನ್ನ ಮುಖ ಇಡಿಯಾಗಿ ಕಾಣಬೇಕು, ಇನ್ನೇನೂ ಬೇಡ ಅಂತ ಕೇಳಿ ಕೇಳಿ ಬಾಯಿ ನೋವು ಬಂತು. "ನಾಳೆ" ಅನ್ನುವುದಕ್ಕೆ ಅವರ ಬಾಯಿ ನೋಯಲಿಲ್ಲ.

ಕೊನೆಗೂ ಒಂದು ದಿನ ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ಬಂದರೆ, ಬಚ್ಚಲ ಬಾಗಿಲಲ್ಲಿ ಮದುಮಗನ ಹಾಗೆ ನಿಂತಿದ್ದಾರೆ. "ಕಣ್ಣು ಮುಚ್ಕೊಂಡು ಬಾ." ಹೋದೆ. ಕಣ್ಣು ಬಿಟ್ಟೆ. ಅಬ್ಬಬ್ಬಾ, ಐದಡಿ ಅಗಲ, ಒಂದೂವರೆ ಅಡಿ ಎತ್ತರ! ಅದರಲ್ಲಿ ಯಜಮಾನರು ಮೀಸೆ ಸಮೇತ ಇದ್ದಾರೆ. ನಾನು? ಎರಡು ಕಣ್ಣು, ಹಣೆ, ಬೈತಲೆ. ಅದರ ಮೇಲೆ ಬರೀ ಸೂರು.

"ನನ್ನ ಮೂಗೆಲ್ರೀ?" ಅಂದೆ.

"ಅಲ್ಲೇ ಇರ್ಬೇಕಲ್ಲ..."

"ಯಾರ ಮೂಗಿಗೆ ಗೆರೆ ಎಳೆದ್ರಿ?"

"ನೀನು ಮನೇಲಿರ್ಲಿಲ್ಲ. ನಿನ್ನ ಎತ್ತರ ನಂಗೊತ್ತಿಲ್ವಾ? ನನ್ನ ಹುಬ್ಬಿನವರೆಗೆ ಬರ್ತೀಯ..." ಅನ್ನುತ್ತಾ ಪಕ್ಕಕ್ಕೆ ತಿರುಗಿದರು. ನನ್ನ ತಲೆ ಅವರ ಹೆಗಲಿಗೂ ಮುಟ್ಟಿರಲಿಲ್ಲ. ಅವರ ಮುಖ ಹುಳ್ಳಗಾಯಿತು. "ಒಂದು ಮಣೆ ಮಾಡ್ಕೊಡ್ತೀನಿ, ಹತ್ತಿ ನಿಂತ್ಕೋ."

ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರಮ್ಮನ ಮೂಗಿಗೆ ಇಂಚಿನ ಲೆಕ್ಕ, ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಅಂದಾಜು! ಅಳುವೂ ಬಂತು. ಅತ್ತರೂ ಆ ಕನ್ನಡೀಲಿ ಅರ್ಧವೇ ಕಾಣುತ್ತಿತ್ತು ಅಂತ ನುಂಗಿಕೊಂಡೆ.

"ಇಳಿಸಿ ಅದನ್ನ. ಪೆನ್ಸಿಲ್ ತಗೊಳ್ಳಿ."

"ಟೈಲ್ಸಲ್ಲಿ ತೂತು ಉಳ್ಕೊಳ್ಳುತ್ತೆ ಕಣೇ. ನಾಲ್ಕು ಜನ ನೋಡಿದ್ರೆ ನನ್ನ ಹೆಸರೇನಾಗ್ಬೇಕು?"

"ಏನಾದ್ರೂ ಆಗ್ಲಿ."

ಗೋಡೆಗೆ ಮುಖ ಮಾಡಿ ಸೆಟೆದು ನಿಂತೆ. ಅವರು ಬಗ್ಗಿದರು, ಇನ್ನೂ ಬಗ್ಗಿದರು, ಗೆರೆ ಎಳೆದರು.

ಈಗ ನನ್ನ ಮುಖ ಗಲ್ಲದವರೆಗೂ ಕಾಣುತ್ತದೆ. ಯಜಮಾನರು ಗಡ್ಡ ಹೆರೆಯುವಾಗ ಮೊಣಕಾಲು ಬಗ್ಗಿಸುತ್ತಾರೆ. ಕನ್ನಡಿಯ ಮೇಲುಗಡೆ ಹಳೆಯ ಎರಡು ತೂತು ಹಾಗೇ ಇವೆ. ಬಿಳಿ ಸಿಮೆಂಟು ಕಲಸಿಕೊಂಡು ಮುಚ್ಚಲು ಬಂದಿದ್ದರು, ನಾನು ಬಿಡಲಿಲ್ಲ. ಮನೆಗೆ ಬಂದ ನೆಂಟರು ಕೈತೊಳೆಯಲು ಹೋದವರು ಇದೇನು ತೂತು ಅಂತ ಕೇಳಿಯೇ ಕೇಳುತ್ತಾರೆ.

"ಅದಾ?" ಅನ್ನುತ್ತೇನೆ, ಒಳಗೆ ಕೂತವರಿಗೂ ಕೇಳುವ ಹಾಗೆ. "ಅದು ನಮ್ಮ ಯಜಮಾನರ ಮೂಗಿನ ನೇರ."