ಮೈನಸ್ ಬಾರದ ಬೆಳಗು

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಬೆಳಗಿನ ಐದೂವರೆ. ಹನ್ನೊಂದು ಬೋಟಿನವರು ಐಸಿಗೆ ಕಾಯುತ್ತಿದ್ದಾರೆ. ಚೀಟಿ ಕೊಡುವ ಕಿಟಕಿಯೊಳಗೆ ಕೂತ ಶ್ರೀಲತಾ ಅವರ ಕಣ್ಣು ಕಂಪ್ಯೂಟರಿನ ಒಂದೇ ಅಂಕೆಯ ಮೇಲಿದೆ: 32,741. ಈ ಹಂಗಾಮಿನಲ್ಲಿ ತಯಾರಾದ ಐಸ್ ಗಡ್ಡೆಗಳ ಸಂಖ್ಯೆಯದು. ಇನ್ನು ಇಪ್ಪತ್ತೇಳು ಗಡ್ಡೆಗೆ ಅವರ ಪರೀಕ್ಷೆ.

"ಇದ್ ನಿಂತ್ರೆ ಬೋಟೂ ನಿಂತ್ತ್, ನನ್ ಮರ್ಯಾದಿಯೂ ಹೋತ್ತ್" ಎನ್ನುತ್ತಾರೆ, ಪಕ್ಕದಲ್ಲಿ ಕೂತ ನನಗೆ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಇಲ್ಲಿನ ಹಳೆಯ ಪ್ರೋಗ್ರಾಮಿಗೆ 32,767ರಾಚೆ ಎಣಿಸಲು ಜಾಗವಿರಲಿಲ್ಲ. ದಾಟಿದರೆ ಲೆಕ್ಕ ಸದ್ದಿಲ್ಲದೆ ಮೈನಸ್‌ಗೆ ಜಾರುತ್ತಿತ್ತು. ತಯಾರಾದದ್ದು ಮೈನಸ್, ಕೊಟ್ಟದ್ದು ಇನ್ನೂ ಪ್ಲಸ್. ಕೋಣೆ ತುಂಬ ಐಸಿದ್ದರೂ ಕಂಪ್ಯೂಟರ್ 'ಐಸ್ ಇಲ್ಲ' ಎನ್ನುತ್ತಿತ್ತು. ಕೊಟ್ಟ ಲೆಕ್ಕವೂ ಮೈನಸ್ ಆಗುವ ತನಕ ಕೈಬರಹದ ಚೀಟಿ, ಕಿಟಕಿಯಲ್ಲಿ ಉದ್ದ ಸಾಲು. ಆದರೂ ಪ್ಲಾಂಟಿನವರಿಗೆ ಅದೇ ಹಬ್ಬ. ಗಡ್ಡೆ ಎಳೆಯುವ ಚಂದಯ್ಯ ಗೋಡೆಗೊಂದು ಚಾಕ್ ಗೆರೆ ಎಳೆಯುತ್ತಿದ್ದರು, ಕ್ಯಾಂಟೀನಿನ ಗುಲಾಬಿ ಎಲ್ಲರಿಗೂ ಗೋಳಿಬಜೆ ಕರಿಯುತ್ತಿದ್ದರು. ಮೈನಸ್ ಬಂತೆಂದರೆ ಹಂಗಾಮು ಚೆನ್ನಾಗಿದೆ ಎಂದರ್ಥ! ಗೋಡೆಯಲ್ಲೀಗ ಹತ್ತೊಂಬತ್ತು ಗೆರೆಗಳಿವೆ.

ಕಳೆದ ವರ್ಷ ಹಳೆ ಕಂಪ್ಯೂಟರ್ ಕೈಕೊಟ್ಟಿತು. ಪ್ರೋಗ್ರಾಮನ್ನು ಅದೇ ಕಂಪ್ಯೂಟರ್ ಭಾಷೆಯ ಹೊಸ ಆವೃತ್ತಿಗೆ ತರಬೇಕಾಯಿತು. ಪಿಯುಸಿ ಮುಗಿಸಿ ಕುಂದಾಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ, ಇಪ್ಪತ್ತೆರಡು ವರ್ಷದಿಂದ ಇದೇ ಕಿಟಕಿಯಲ್ಲಿರುವ ಶ್ರೀಲತಾ ತಾವೇ ಕೈಹಾಕಿದರು. ಹೊಸ ಆವೃತ್ತಿ ಜಾರುವುದಿಲ್ಲ. ಜಾಗ ಮುಗಿದರೆ ತಪ್ಪಾಯಿತೆಂದು ಹೇಳಿ ನಿಂತೇ ಬಿಡುತ್ತದೆ. ಕಂಪ್ಯೂಟರ್ ತಿಳಿದವರೊಬ್ಬರು ಸುಲಭದ ದಾರಿ ಹೇಳಿದರು: ತಪ್ಪು ಹಿಡಿಯುವ ಆ ತಪಾಸಣೆಯನ್ನೇ ಆಫ್ ಮಾಡಿ, ಮೊದಲಿನಂತೆ ನಡೆಯುತ್ತದೆ. ಶ್ರೀಲತಾ ಒಪ್ಪಲಿಲ್ಲ.

"ತಪ್ಪಿತ್ತ್ ಅಂದೇಳಿ ಅದ್ ಹೇಳ್ತಾ ಇತ್ತ್. ಅದ್ರ ಬಾಯಿ ಮುಚ್ಚುದಾ? ಚೀಟಿ ಸಿಕ್ದೆ ಕಿಟಕಿ ಮುಂದೆ ನಿಂತವ್ರ್ ನಮ್ಮವ್ರೇ ಅಲ್ದಾ?" ಅಣ್ಣ ಅಶೋಕನ ಬೋಟು ಅಂಥದೊಂದು ಮೈನಸ್ ದಿನ ಮೂರು ತಾಸು ತಡವಾಗಿ ಹೊರಟದ್ದು ಅವರಿಗೆ ಮರೆತಿಲ್ಲ.

ಎರಡು ತಿಂಗಳ ಮಧ್ಯಾಹ್ನಗಳಲ್ಲಿ ಅರವತ್ನಾಲ್ಕು ಕಡೆ ಹುಡುಕಿ ಅಂಕೆಗಳಿಗೆ ದೊಡ್ಡ ಜಾಗ ಮಾಡಿಕೊಟ್ಟರು. "ಒಂದ್ ಕಡೆ ಬಿಟ್ಟ್ ಹೋರೂ ಸಾಕ್, ಎಲ್ಲ ನಿಂತ್ತ್" ಎನ್ನುತ್ತಾರೆ. ಹಳೆಯ ಲೆಕ್ಕ ಹಾಕಿ ನೋಡಿದಾಗ ಸರಿಯಿತ್ತು. ಬೋಟುಗಳ ಎದುರು ಇವತ್ತೇ ಮೊದಲು.

32,766. ಚಂದಯ್ಯ ಅಭ್ಯಾಸಬಲದಿಂದ ಚಾಕ್ ಹಿಡಿದು ಬಂದಿದ್ದಾರೆ. ಗುಲಾಬಿಯವರ ಹಿಟ್ಟೂ ಕಲಸಿಯಾಗಿದೆ. 32,767. ಶ್ರೀಲತಾ ಮುಂದಿನ ಗಡ್ಡೆಯನ್ನು ಲೆಕ್ಕಕ್ಕೆ ಸೇರಿಸುತ್ತಾರೆ. 32,768. ಚೀಟಿ ಹೊರಬರುತ್ತದೆ. ಬೋಟಿನವರು ಅದನ್ನು ತೆಗೆದುಕೊಂಡು, ಏನೂ ಗಮನಿಸದೆ ಹೋಗುತ್ತಾರೆ.

"ಎಂತದೂ ಆಯ್ಲೇ ಇಲ್ಲ ಅಲ್ದಾ ಶ್ರೀಲತಾ?" ಚಂದಯ್ಯನವರ ದನಿಯಲ್ಲಿ ತುಸು ಬೇಸರವಿದೆ.

ಶ್ರೀಲತಾ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. "ನೀವ್ ಗೆರಿ ಎಳಿನಿ ಚಂದಯ್ಯಣ್ಣ. ಸೀಸನ್ ಒಳ್ಳೇದಾಯ್ತಲ್ಲ."

ಇಪ್ಪತ್ತನೆಯ ಗೆರೆ ಬೀಳುತ್ತದೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರ ಕೈ ಆಗಲೇ ಮುಂದಿನ ಚೀಟಿಯ ಮೇಲಿದೆ.

"ವರ್ಷ ವರ್ಷ ಆ ಗೆರಿ ಬೀಳ್ಕ್. ಈ ಕಿಟಕಿ ಮುಂದೆ ಯಾರೂ ಕಾಯೂಕಾಗ. ಅಷ್ಟೇ."