ಅಕ್ಕನ ಒಣ ಕಣ್ಣು

ಓದುವವರಿಗೆಲ್ಲ ನಮಸ್ಕಾರ. ನಾನು ತಡವಾಗಿ ಅಕ್ಷರ ಕಲಿತವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನಾನು ಮೆಷಿನ್ ರಿಪೇರಿ ಮಾಡುವಾಗ ಅಲ್ಲೊಬ್ಬ ಟೈಲರ್ ಅಕ್ಕ ಇದ್ದರು. ಸೂಜಿಗೆ ಪೋಣಿಸುವ ದಾರವನ್ನು ಎಲ್ಲರೂ ಬಾಯಲ್ಲಿ ಒದ್ದೆ ಮಾಡಿಕೊಂಡರೆ, ಅವರು ಬಾಟಲಿ ಮುಚ್ಚಳದ ನೀರಿನಲ್ಲಿ ಅದ್ದುತ್ತಿದ್ದರು. "ಬಾಯಲ್ಲಿ ಎಂಜ್ಲೇ ಇಲ್ಲ ಕಣಣ್ಣ," ಅನ್ನುತ್ತಿದ್ದರು. ಮಾತಿನ ನಡುವೆ ನಾಲಿಗೆ ಅಂಗುಳಿಗೆ ಅಂಟಿ ಟಕ್ ಎಂದು ಬಿಡುತ್ತಿತ್ತು.

ಅವರ ಗಂಡ ತೀರಿಕೊಂಡಾಗ ದಾಸರಹಳ್ಳಿಯ ಅವರ ಮನೆಗೆ ಹೋಗಿದ್ದೆವು. ಅಕ್ಕ ಎದೆ ಬಡಿದುಕೊಂಡು ಕೂಗುತ್ತಿದ್ದರು, ಕಣ್ಣು ಮಾತ್ರ ಗೊಂಬೆಯ ಕಣ್ಣಿನಂತೆ ಒಣಗಿತ್ತು. "ಒಂದ್ ಹನೀನೂ ಬರ್ಲಿಲ್ಲ ನೋಡ್ರೀ, ಇವ್ಳ ಮೈಮೇಲೆ ಏನೋ ಐತೆ," ಎಂದ ಅವರ ನಾದಿನಿ, ಅಕ್ಕನ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾವು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣೀರು ಅಳೆಯಲು ಅಕ್ಕನ ರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿದರು. ಐದು ನಿಮಿಷವಾದರೂ ಅದು ನೆನೆಯಲಿಲ್ಲ. ಮೈ ಕಾಯಬೇಕಾದ ಶಕ್ತಿಯೇ ಕಣ್ಣೀರು, ಎಂಜಲಿನ ಗ್ರಂಥಿಗಳನ್ನು ತಿನ್ನುವ ಕಾಯಿಲೆಯಂತೆ. ಬಹಳ ಹಿಂದೆಯೇ ಹೊರದೇಶದ ಕಣ್ಣಿನ ಡಾಕ್ಟರೊಬ್ಬರು, ಕಣ್ಣು ಬಾಯಿ ಒಣಗಿ ಕೀಲು ನೋಯುವ ಹೆಂಗಸರನ್ನು ನೋಡಿ, ಇದೆಲ್ಲ ಒಂದೇ ಕಾಯಿಲೆ ಎಂದು ಬರೆದಿಟ್ಟಿದ್ದರಂತೆ. ಡಾಕ್ಟರ ಚೀಟಿ ತೋರಿಸಿದರೆ, "ಚೀಟಿ ಯಾರ್ ಬೇಕಾದ್ರೂ ಬರ್ಕೊಡ್ತಾರೆ," ಎಂದಳು ನಾದಿನಿ, ಮಗುವನ್ನು ಅಕ್ಕನ ಕೈಗೆ ಕೊಡಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಅಕ್ಕ ಮನೆಯ ಗೇಟಿನ ಹತ್ತಿರ ನನ್ನ ಕೈಗೆ ಬ್ಯಾಗು ಕೊಟ್ಟು, ಡಾಕ್ಟರು ಕೊಟ್ಟ ಹನಿ ಔಷಧಿಯನ್ನು ಎರಡೂ ಕಣ್ಣಿಗೆ ತುಂಬ ಬಿಟ್ಟುಕೊಂಡು ಒಳಗೆ ಹೋದರು. ಈ ಸಲ ಅವರು ಕೂಗಲೇ ಇಲ್ಲ. "ಅಯ್ಯೋ, ಈಗ ಅತ್ಲು ಕಣ್ರೀ!" ಎಂದು ನಾದಿನಿಯೇ ಓಡಿ ಬಂದು ಮಗುವನ್ನು ಕೊಟ್ಟಳು.

ಮಗು ಅಮ್ಮನ ಕೆನ್ನೆ ಒರೆಸಿ ಕೈ ನೋಡಿಕೊಂಡಿತು. "ಅಮ್ಮಾ, ಅಳು ತಣ್ಣಗೈತೆ," ಎಂದಿತು.

ನಿಮಗೆ ಗೊತ್ತಿರುವವರಲ್ಲೂ ಹೀಗೆ ಕಣ್ಣೀರು ಬಾರದವರಿದ್ದರೆ, ದಯವಿಟ್ಟು ಬರೆದು ತಿಳಿಸಿ.